ಡಿಜಿಟಲ್ ಬ್ಯಾಡ್ಜ್ ಕೊಡುವುದು ಹೇಗೆ? ಮೊದಲು ಮಾನದಂಡ, ಆಮೇಲೆ ಚಿತ್ರ

ಸ್ವಸಹಾಯ ಸಂಘದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಚೊಕ್ಕವಾಗಿ ಬರೆಯಬಲ್ಲ ಮಹಿಳೆ ಕೆಲಸ ಕೇಳಿಕೊಂಡು ಹೋದರೆ ತೋರಿಸಲು ಏನಿರುತ್ತದೆ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆ ವಿಷಯವೇ ಇಲ್ಲ. ತರಬೇತಿ ಕೇಂದ್ರದ ಪ್ರಮಾಣಪತ್ರದಲ್ಲಿ ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂದಿರುತ್ತದೆ. ಅವರಿಗೆ ಏನು ಮಾಡಲು ಬರುತ್ತದೆ ಎಂಬುದು ಇರುವುದಿಲ್ಲ. ಕಲಿತವರಿಗೆ ಇದು ದೊಡ್ಡ ನಷ್ಟ. ಇದನ್ನು ಸರಿಪಡಿಸುವುದು ಕಲಿಸುವವರ ಕೈಯಲ್ಲಿದೆ.

ಡಿಜಿಟಲ್ ಬ್ಯಾಡ್ಜ್ ನೋಡಲು ಚಿಕ್ಕ ಚಿತ್ರ, ಸ್ಕೌಟ್ ಮಕ್ಕಳ ಅಂಗಿಯ ತೋಳಿನ ಮೇಲಿರುವಂಥದ್ದೇ. ಆದರೆ ಇದರ ಒಳಗೆ ಮಾಹಿತಿ ಇರುತ್ತದೆ: ಯಾರು ಕೊಟ್ಟರು, ಯಾರಿಗೆ, ಯಾವತ್ತು, ಯಾವ ಮಾನದಂಡದ ಮೇಲೆ. ಈ ಮಾಹಿತಿಯನ್ನು ಹೇಗೆ ಜೋಡಿಸಬೇಕು ಎಂಬುದಕ್ಕೆ ಓಪನ್ ಬ್ಯಾಡ್ಜಸ್ ಎಂಬ ಮಾನಕವಿದೆ. ಅಮೆರಿಕದ ದಾನಸಂಸ್ಥೆ ಮ್ಯಾಕ್‌ಆರ್ಥರ್ ಫೌಂಡೇಶನ್ ನೆರವಿನಿಂದ, ಫೈರ್‌ಫಾಕ್ಸ್ ಬ್ರೌಸರಿನ ಮೊಝಿಲ್ಲಾ 2011ರಲ್ಲಿ ಈ ಕೆಲಸ ಶುರುಮಾಡಿತು. 2017ರಲ್ಲಿ ಹೊಣೆ ಐಎಂಎಸ್ ಗ್ಲೋಬಲ್ ಸಂಸ್ಥೆಗೆ ಹೋಯಿತು. ಆ ಸಂಸ್ಥೆಯ ಈಗಿನ ಹೆಸರು ವನ್‌ಎಡ್‌ಟೆಕ್.

ಮಾನದಂಡ ಬರೆಯಿರಿ

ಹೆಚ್ಚಿನವರು ಚಿತ್ರದಿಂದ ಶುರುಮಾಡುತ್ತಾರೆ. ಬೇಡ, ಕಾಗದದ ಮೇಲೆ ಮಾನದಂಡದಿಂದ ಶುರುಮಾಡಿ. ‘ಸ್ಪ್ರೆಡ್‌ಶೀಟ್ ಜ್ಞಾನವಿದೆ’ ಎಂದು ಬರೆದರೆ ಓದಿದವರಿಗೆ ಏನೂ ತಿಳಿಯದು. ಹೀಗೆ ಬರೆಯಿರಿ: ‘ಸಂಘದ ಒಂದು ತಿಂಗಳ ಉಳಿತಾಯ, ಸಾಲ, ಮರುಪಾವತಿಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ನಮೂದಿಸಿ, ಸೂತ್ರ ಬಳಸಿ ಬಡ್ಡಿ ಲೆಕ್ಕ ಹಾಕಿ, ನಗದು ಪುಸ್ತಕದೊಂದಿಗೆ ತಾಳೆ ಮಾಡಿ ತೋರಿಸಿದ್ದಾರೆ.’ ನಿಮ್ಮನ್ನು ಕಂಡೇ ಇರದ ಬ್ಯಾಂಕ್ ಮ್ಯಾನೇಜರ್ ಓದಿದರೂ ಈಕೆಗೆ ಯಾವ ಕೆಲಸ ಕೊಡಬಹುದು ಎಂದು ಗೊತ್ತಾಗಬೇಕು. ವಿವರಣೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಓದುವವರು ಹೊರರಾಜ್ಯದವರೂ ಆಗಿರಬಹುದು.

ಬರೀ ಹಾಜರಾತಿಗೆ ಬ್ಯಾಡ್ಜ್ ಕೊಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕೂತು ಕೇಳಿದವರಿಗೂ ಮಾಡಿ ತೋರಿಸಿದವರಿಗೂ ಒಂದೇ ಗುರುತು ಸಿಕ್ಕರೆ, ಮಾಡಿ ತೋರಿಸಿದವರ ಶ್ರಮ ಲೆಕ್ಕಕ್ಕೇ ಬರುವುದಿಲ್ಲ.

ಮೂಡಲ್‌ನಲ್ಲಿ ತಯಾರಿ

ಮೂಡಲ್ ಆನ್‌ಲೈನ್ ಕೋರ್ಸ್ ನಡೆಸುವ ಉಚಿತ ತಂತ್ರಾಂಶ, ಎಷ್ಟೋ ಕಾಲೇಜುಗಳಲ್ಲಿ ಈಗಾಗಲೇ ಇದೆ. 2013ರ 2.5ನೇ ಆವೃತ್ತಿಯಿಂದ ಅದರಲ್ಲಿ ಬ್ಯಾಡ್ಜ್ ಸೌಲಭ್ಯವೂ ಇದೆ.

ಮೊದಲು ಕೋರ್ಸಿನಲ್ಲಿ ಒಂದು ಅಸೈನ್‌ಮೆಂಟ್ ಇಟ್ಟು, ಕಲಿಯುವವರು ಮಾಡಿದ ಫೈಲನ್ನು ಅಲ್ಲಿ ಹಾಕಿಸಿ. ಉತ್ತೀರ್ಣ ಅಂಕ ನಿಗದಿ ಮಾಡಿ, ಆ ಅಂಕ ಬಂದರೆ ಮಾತ್ರ ಚಟುವಟಿಕೆ ಪೂರ್ಣ ಎಂದು ಹೊಂದಿಸಿ. ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಇರುವ ಫೈಲ್ ತೆಗೆದುಕೊಳ್ಳಬೇಡಿ. ಅಭ್ಯಾಸಕ್ಕೆ ಬೇರೆ ಹೆಸರು, ಬೇರೆ ಅಂಕಿಗಳೇ ಸಾಕು.

ಆಮೇಲೆ ಕೋರ್ಸಿನ ಬ್ಯಾಡ್ಜಸ್ ವಿಭಾಗದಲ್ಲಿ ಹೊಸ ಬ್ಯಾಡ್ಜ್ ಸೇರಿಸಿ. ಹೆಸರು, ವಿವರಣೆ, ಚೌಕಾಕಾರದ ಚಿತ್ರ, ಕೊಡುವ ಸಂಸ್ಥೆಯ ಹೆಸರು ತುಂಬಿ. ಅವಧಿ ಮುಗಿಯುವ ದಿನವನ್ನೂ ಕೊಡಬಹುದು. ಲೆಕ್ಕ ಬರೆಯುವ ಕೌಶಲಕ್ಕೆ ಅದು ಬೇಕಿಲ್ಲ. ಪ್ರಥಮ ಚಿಕಿತ್ಸೆಯಂಥ, ಮತ್ತೆ ಮತ್ತೆ ಅಭ್ಯಾಸ ಬೇಕಾದ ವಿಷಯಕ್ಕೆ ಖಂಡಿತ ಇಡಿ. ಕ್ರೈಟೀರಿಯಾ ಟ್ಯಾಬಿನಲ್ಲಿ ಆ ಅಸೈನ್‌ಮೆಂಟ್ ಪೂರ್ಣಗೊಳ್ಳುವುದನ್ನೇ ಷರತ್ತಾಗಿ ಆರಿಸಿ. ಎದುರಿಗೆ ಕೂತು ಪರೀಕ್ಷಿಸುವ ಕೌಶಲವಾದರೆ ಶಿಕ್ಷಕರೇ ಕೈಯಾರೆ ಕೊಡುವ ಆಯ್ಕೆಯೂ ಇದೆ.

ಕೊನೆಗೆ, ಕಲಿಯುವವರಿಗೆ ಬ್ಯಾಡ್ಜ್ ಸಿಗುವಂತಾಗಲು, ‘ಎನೇಬಲ್ ಆ್ಯಕ್ಸೆಸ್’ ಒತ್ತಬೇಕು. ಅದಕ್ಕೆ ಮುಂಚೆ ಎಲ್ಲವನ್ನೂ ಇನ್ನೊಬ್ಬರಿಂದ ಓದಿಸಿ. ಒಬ್ಬರಿಗೆ ಬ್ಯಾಡ್ಜ್ ಸಿಕ್ಕಿತೆಂದರೆ ಮೂಡಲ್ ಅದಕ್ಕೆ ಬೀಗ ಹಾಕುತ್ತದೆ, ಮಾನದಂಡ ತಿದ್ದಲು ಬರುವುದಿಲ್ಲ. ಇದು ಒಳ್ಳೆಯದೇ: ನಿನ್ನೆ ಪಡೆದವರ ಬ್ಯಾಡ್ಜಿನ ಅರ್ಥವನ್ನು ಇವತ್ತು ಯಾರೂ ಬದಲಿಸಲಾರರು.

ಕಲಿತವರಿಗೆ ತಲುಪಿಸುವುದು

ಬ್ಯಾಡ್ಜ್ ಸಾಮಾನ್ಯವಾಗಿ ಇಮೇಲ್ ವಿಳಾಸಕ್ಕೆ ತಳಕು ಹಾಕಿಕೊಂಡಿರುತ್ತದೆ. ನಮ್ಮೂರುಗಳಲ್ಲಿ ಸೈಬರ್ ಸೆಂಟರಿನವರು ಮಾಡಿಕೊಟ್ಟ ಇಮೇಲ್, ಗಂಡನದೋ ಮಗನದೋ ಮೊಬೈಲ್ ನಂಬರು ಕೊಟ್ಟು ನೋಂದಾಯಿಸುವ ರೂಢಿ ಇದೆ. ಆಗ ಬ್ಯಾಡ್ಜ್ ಆಕೆಯದಾದರೂ ಅದರ ಕೀಲಿ ಇನ್ನೊಬ್ಬರ ಕೈಯಲ್ಲಿರುತ್ತದೆ. ಅದಕ್ಕೇ ಮೊದಲ ದಿನವೇ ಪ್ರತಿಯೊಬ್ಬರಿಗೂ ಸ್ವಂತ ಇಮೇಲ್ ಮಾಡಿಸಿ, ಪಾಸ್‌ವರ್ಡ್ ಅವರ ಕೈಯಿಂದಲೇ ಹಾಕಿಸಿ. ಇದಕ್ಕೆ ಒಂದು ತರಗತಿ ಪೂರ್ತಿ ಹೋದರೂ ಪರವಾಗಿಲ್ಲ.

ಬ್ಯಾಡ್ಜ್ ಬಂದಮೇಲೆ ಅದರ ಲಿಂಕನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸುವುದು, ಅರ್ಜಿಯಲ್ಲಿ ಬರೆಯುವುದು, ಲಿಂಕ್ಡ್‌ಇನ್‌ನ ಪ್ರಮಾಣಪತ್ರಗಳ ವಿಭಾಗದಲ್ಲಿ ಸೇರಿಸುವುದು ಹೇಗೆಂದು ಕಲಿಸಿ. ಚಿತ್ರದ ಸ್ಕ್ರೀನ್‌ಶಾಟ್ ಮಾತ್ರ ಕಳಿಸಿದರೆ ಪ್ರಯೋಜನವಿಲ್ಲ. ಪರಿಶೀಲಿಸುವ ಮಾಹಿತಿ ಅದರಲ್ಲಿ ಉಳಿಯುವುದಿಲ್ಲ.

ಆ ಲಿಂಕ್ ತೆರೆಯುವುದು ನಿಮ್ಮ ಸರ್ವರಿನಿಂದ. ಡೊಮೇನ್, ಅಂದರೆ ತಾಣದ ವಿಳಾಸ, ನವೀಕರಿಸುವುದನ್ನು ಮರೆತರೆ ಹಳೆಯ ವಿದ್ಯಾರ್ಥಿಗಳ ಬ್ಯಾಡ್ಜುಗಳನ್ನೂ ಪರಿಶೀಲಿಸಲಾಗದು. ನವೀಕರಣದ ಹೊಣೆ ಯಾರದೆಂದು ಈಗಲೇ ಬರೆದಿಡಿ. ತಾಣ ನಿಲ್ಲಿಸುವ ಸಂದರ್ಭ ಬಂದರೆ ಮುಂಚಿತವಾಗಿ ಎಲ್ಲರಿಗೂ ತಿಳಿಸಿ, ಬ್ಯಾಡ್ಜ್ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಲು ಹೇಳಿ, ಸಂಸ್ಥೆಯ ಮೊಹರಿರುವ ಪತ್ರವನ್ನೂ ಜೊತೆಗೆ ಕೊಡಿ.