ಇಟಲಿ ಆಫೀಸಲ್ಲಿ "ಮುಗೀತು" ಅಂತ ಮಾತ್ರ ಬಾಯ್ಬಿಡ್ಬೇಡಿ

ಇಟಲಿಯ ತೊರೀನೊ (ಟ್ಯೂರಿನ್) ಊರಿಗೆ ಹೊಸದಾಗಿ ಬಂದೋರೆಲ್ಲ ಕೇಳೋದು ಒಂದೇ, ಆಫೀಸಲ್ಲಿ ಇಂಗ್ಲಿಷ್ ನಡೆಯತ್ತಲ್ವಾ ಅಂತ. ಇಂಟರ್ವ್ಯೂಲಿ ನಡೆಯತ್ತೆ. ಮೀಟಿಂಗ್ ಶುರುವಾಗಿ ಐದು ನಿಮಿಷಕ್ಕೆ ಎಲ್ರೂ ಇಟಾಲಿಯನ್ನಿಗೆ ಜಾರ್ತಾರೆ, ನೀವು ಗೋಡೆ ನೋಡ್ಕೊಂಡು ಕೂತಿರ್ತೀರ. ಪೇಪರ್ ಕೆಲಸ ಅಂದ್ರೆ ಬಂದ 8 ವರ್ಕಿಂಗ್ ದಿನದೊಳಗೆ ಪೆರ್ಮೆಸ್ಸೊ ದಿ ಸೊಜ್ಜೋರ್ನೊಗೆ, ಅಂದ್ರೆ ಇಲ್ಲಿ ಇರೋಕೆ ಬೇಕಾದ ಪರವಾನಗಿಗೆ, ಅರ್ಜಿ ಹಾಕಿ ರಸೀತಿ ಜೋಪಾನ ಮಾಡಿ, ಅಷ್ಟೆ.

ನನ್ನ ಕ್ಯಾಲೆಂಡರಲ್ಲಿ ಮೊದಲ ಸೋಮವಾರವೇ "ಸಾಲ್" ಅಂತಿತ್ತು. ಸ್ತಾತೊ ಅವಾನ್ಸಮೆಂತೊ ಲವೋರಿ, ಅಂದ್ರೆ ಕೆಲಸ ಎಲ್ಲಿಗೆ ಬಂತು ಅನ್ನೋ ಮೀಟಿಂಗು. ನಂಗೆ ಅದು ನಮ್ಮ ಸಾಲದ ಥರಾನೇ ಆಯ್ತು, ಬಡ್ಡಿ ಸಮೇತ. ಮ್ಯಾನೇಜರ್ "ಆ ಕೆ ಪುಂತೊ ಸಿಯಾಮೊ?" ಅಂದ್ರು, ಎಲ್ಲಿವರೆಗೆ ಬಂದ್ವಿ ಅಂತ. ನಾನು ಊರಲ್ಲಿ ಹೇಳೋ ಹಾಗೆ "ಆಗೋಯ್ತು ಅಂದ್ಕೊಳ್ಳಿ ಸಾರ್" ಅಂತ ಮನಸ್ಸಲ್ಲಿ ಅಂದ್ಕೊಂಡು ಬಾಯಲ್ಲಿ "ಫಿನೀತೊ!", ಮುಗೀತು, ಅಂದ್ಬಿಟ್ಟೆ. ಊಟದ ಹೊತ್ತಿಗೆ ಅವರು ಕ್ಲೈಂಟಿಗೆ ಮೇಲ್ ಹಾಕಾಗಿತ್ತು. ಟೆಸ್ಟ್ ರಿಪೋರ್ಟ್ ಇನ್ನೂ ಅರ್ಧ ಬಾಕಿ, ಎರಡು ರಾತ್ರಿ ನಿದ್ದೆ ಇಲ್ಲ.

ತಪ್ಪು ನಮ್ಮ ಕ್ರಿಯಾಪದದ್ದು ನೋಡಿ. ಸೀರೆ ನೆರಿಗೆ ಹಿಡ್ಕೊಂಡು ನಿಂತಿದ್ರೂ "ಬಂದೆ ಬಂದೆ" ಅಂತೀವಿ, ಇನ್ನೂ ಹೊಸಿಲೂ ದಾಟಿರಲ್ಲ. ಇವರು ಅದನ್ನೇ "ಅರ್ರೀವೊ" ಅಂತಾರೆ, ಬರ್ತಿದೀನಿ ಅಂತ. ಆಗಿದ್ದಕ್ಕೆ ಮಾತ್ರ ಆಯ್ತು ಅನ್ನೋದು ಇಲ್ಲಿಯ ಲೆಕ್ಕ.

ಹಾಗಾಗಿ "ಚಿ ಸ್ತೊ ಲವೊರಾಂದೊ" ಕಲೀರಿ, ಅದ್ರಲ್ಲೇ ಇದೀನಿ ಅಂತ. ಬಾಕಿ ಇದ್ರೆ ಧೈರ್ಯವಾಗಿ "ಮಿ ಮಾಂಕಾ ಇಲ್ ತೆಸ್ತ್", ಟೆಸ್ಟ್ ಒಂದು ಉಳಿದಿದೆ. "ಎಂತ್ರೊ ವೆನೆರ್ದಿ" ಅಂದ್ರೆ ನಮ್ಮ ಶುಕ್ರವಾರದೊಳಗೆ. "ಫ್ರಾ ದುವೆ ಜೋರ್ನಿ" ಅಂದ್ರೆ ಇನ್ನೆರಡು ದಿನಕ್ಕೆ. "ಎವೆಂತುವಾಲ್ಮೆಂತೆ" ಕೇಳಿದ್ರೆ ಇಂಗ್ಲಿಷಿನ "ಇವೆಂಚುಅಲಿ" (ಕೊನೆಗೆ ಆಗೇ ಆಗತ್ತೆ) ನೆನಪಿಸ್ಕೋಬೇಡಿ, ಅದು ಬೇಕಾದ್ರೆ ನೋಡೋಣ ಅನ್ನೋ ಮಾತು, ನಾನು ಅದಕ್ಕೂ ಒಂದು ಭಾನುವಾರ ಸುಟ್ಟಿದೀನಿ. ದೊಡ್ಡವರಿಗೆ, ಗುರುತಿಲ್ಲದವರಿಗೆ "ಲೇಯಿ" ಬಳಸಿ, ನೀವು-ನೀನು ಗೊತ್ತಿರೋರಿಗೆ ಇದು ಕಷ್ಟ ಅಲ್ಲ. ಒತ್ತಕ್ಷರಾನೂ ನಮಗೆ ಹುಟ್ಟಿಂದ ಬಂದಿದ್ದು, ಬಿಡ್ಬೇಡಿ: "ಆನ್ನೊ" ಅಂದ್ರೆ ವರ್ಷ, ಒತ್ತು ಬಿಟ್ರೆ ಹೇಳಬಾರದ ಜಾಗ. ಮೂರು ವರ್ಷದ ಅನುಭವ ಇದೆ ಅಂತ ಹೇಳೋಕೆ ಹೋಗಿ ಇಡೀ ರೂಮು ನಗಿಸಿದೋಳು ನಾನೇ.

ಈಗ ನಾನು ಸಾಲ್‌ನಲ್ಲಿ ತಡವರಿಸದೆ ಮಾತಾಡ್ತೀನಿ, ಆದ್ರೆ ಮನೆಗೂ ಅದೇ ಬಂದು ಕೂತಿದೆ. ಮೊನ್ನೆ ಅಮ್ಮ ವಿಡಿಯೋ ಕಾಲಲ್ಲಿ ಇದ್ರು, ಮಗಳನ್ನ ಊಟಕ್ಕೆ ಕೂಗಿದೆ, ಒಳಗಿಂದ "ಅರ್ರೀವೊ!" ಅಂದ್ಳು. ಅಮ್ಮ ಕೇಳಿದ್ರು, "ಏನಂತೆ ಅವಳದು?"

"ಬಂದೆ ಅಂತಿದಾಳೆ ಕಣಮ್ಮ" ಅಂದೆ.