ಇಸವಿ ಎಂದುಕೊಂಡದ್ದು ಇಸವಿಯಲ್ಲ

ಗುಜರಿ ರಾಶಿಯೊಳಗಿಂದ ಮರದ ಹಿಡಿಯೊಂದು ಚಾಚಿಕೊಂಡಿತ್ತು. ಎಳೆದೆ, ಬರಲಿಲ್ಲ. ಮೇಲಿದ್ದ ಸಾಮಾನು ಸರಿಸಿ ಮತ್ತೆ ಎಳೆದಾಗ ಜೇಡರ ಬಲೆ, ಒಣಗಿದ ಹುಲ್ಲು, ಯಾವ ಕಾಲದ್ದೋ ಒಂದು ಇಲಿಗೂಡು ಸಮೇತ ಹೊರಬಂದದ್ದು ಕೈಯಿಂದ ತಳ್ಳುವ ಹಳೆಯ ಲಾನ್ ಮೋವರ್. ಎರಡು ಪಕ್ಕಕ್ಕೂ ಬೀಡುಕಬ್ಬಿಣದ ದಪ್ಪ ಚೌಕಟ್ಟು, ನಡುವೆ ತಿರುಚಿದ ಐದು ಅಲಗುಗಳ ಸಿಲಿಂಡರ್, ಹಿಂದೆ ಭಾರವಾದ ರೋಲರ್. ಯಾವುದೂ ಅಲುಗುತ್ತಿರಲಿಲ್ಲ. ಇಡೀ ಯಂತ್ರ ಒಂದೇ ಎರಕದ ಮುದ್ದೆಯಂತೆ ಬಿಗಿದುಕೊಂಡಿತ್ತು.

ಮೊದಲ ದಿನವೇ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ತಂತಿಯ ಬ್ರಷ್ ಹಿಡಿದು ಉಜ್ಜಲು ಕುಳಿತೆ. ಸಿಲಿಂಡರನ್ನು ತಿರುಗಿಸುವ ಚೈನನ್ನು ಮುಚ್ಚುವ ತಗಡಿನ ಮೇಲೆ ಚಿನ್ನದ ಬಣ್ಣದ ಏನೋ ಒಂದು ಮಿಣುಕಿದಂತಾಯಿತು, ಇನ್ನೆರಡು ಸಲ ಉಜ್ಜಿದೆ, ಹೋಯಿತು. ತಗಡಿಗೆ ಒತ್ತಿದ್ದ ಹೆಸರಿನ ಅಚ್ಚು ಅದು. ತಯಾರಕರ ಹೆಸರು, ಮಾದರಿಯ ಹೆಸರು ಎರಡೂ ಬಹುಶಃ ಅಲ್ಲೇ ಇದ್ದವು. ಎಷ್ಟೋ ವರ್ಷ ಮಳೆ, ಇಲಿ, ತುಕ್ಕುಗಳನ್ನು ತಾಳಿಕೊಂಡು ಉಳಿದಿದ್ದ ಅಕ್ಷರಗಳು ನನ್ನ ಉತ್ಸಾಹದ ಮುಂದೆ ಎರಡು ನಿಮಿಷವೂ ನಿಲ್ಲಲಿಲ್ಲ. ಅಂದಿನಿಂದ ಹಳೆಯ ಯಂತ್ರ ಕೈಗೆ ಬಂದರೆ ಮೊದಲ ಒಂದು ವಾರ ಅದನ್ನು ಬರೀ ನೋಡುತ್ತೇನೆ. ಒದ್ದೆ ಬಟ್ಟೆ, ಹಲ್ಲುಜ್ಜುವ ಮೆದು ಬ್ರಷ್, ಒಂದು ಟಾರ್ಚು, ಇಷ್ಟೇ ಸಲಕರಣೆ.

ಅಚ್ಚು ಅಳಿಸಿಹೋದರೂ ಬೀಡಿನ ಮೇಲೆ ಎರಕದಲ್ಲೇ ಮೂಡಿದ ಅಕ್ಷರಗಳಿದ್ದವು. ಬಲಗಡೆ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಕಂಡದ್ದು 1912. ನನಗಾದ ಸಂತೋಷಕ್ಕೆ ಪಾರವಿಲ್ಲ. ಮನೆಗೆ ಬಂದವರಿಗೆಲ್ಲ ಯಂತ್ರ ತೋರಿಸಿ ‘ಇದಕ್ಕೆ ನೂರು ವರ್ಷ ದಾಟಿದೆ’ ಎಂದು ಕೊಚ್ಚಿಕೊಂಡೆ. ಕೆಲವು ದಿನಗಳ ನಂತರ ಹಿಡಿಯ ಬುಡದಲ್ಲಿದ್ದ ಬೀಡಿನ ತುಂಡಿನ ಮಣ್ಣು ತೆಗೆದಾಗ ಅಲ್ಲಿಯೂ ನಾಲ್ಕು ಅಂಕಿಗಳು ಕಂಡವು: 2046. ಇನ್ನೂ ಬರಬೇಕಾದ ಇಸವಿ! ಅಲ್ಲಿಗೆ ನನ್ನ ನೂರು ವರ್ಷದ ಜಂಬ ಇಳಿಯಿತು. ಅವು ಬಿಡಿಭಾಗಗಳ ಸಂಖ್ಯೆಗಳು. ಯಾವ ತುಂಡು ಯಾವ ಅಚ್ಚಿನಿಂದ ಬಂತು ಎಂದು ಎರಕದ ಕೆಲಸಗಾರರಿಗೆ ಗೊತ್ತಾಗಲಿ, ಮುರಿದರೆ ಅದೇ ತುಂಡನ್ನು ತರಿಸಿಕೊಳ್ಳಲು ಅನುಕೂಲವಾಗಲಿ ಎಂದು ಹಾಕಿದವು. ಒಂದೇ ತುಂಡನ್ನು ಎರಡು ಮೂರು ಮಾದರಿಗಳಲ್ಲಿ ಬಳಸುವುದೂ ಉಂಟಾದ್ದರಿಂದ ಅದರ ಸಂಖ್ಯೆಯೊಂದನ್ನೇ ನಂಬಿ ಮಾದರಿಯ ಹೆಸರು ಹೇಳಲು ಹೋದರೂ ಎಡವುತ್ತೇವೆ.

ಇಷ್ಟಾದ ಮೇಲೆ ಅಕ್ಷರಗಳನ್ನು ಓದುವುದನ್ನು ಸರಿಯಾಗಿ ಕಲಿತೆ. ಕತ್ತಲಲ್ಲಿ ಟಾರ್ಚನ್ನು ನೇರವಾಗಿ ಹಿಡಿಯದೆ ಮೈಗೆ ಒರಗಿಸಿದಂತೆ ಓರೆಯಾಗಿ ಹಿಡಿದರೆ ಹಗಲಲ್ಲಿ ಕಾಣದ ಉಬ್ಬುಗಳಿಗೂ ನೆರಳು ಬೀಳುತ್ತದೆ. ಇನ್ನೂ ಕಾಣದಿದ್ದರೆ ತೆಳು ಕಾಗದ ಹೊದಿಸಿ ಮೆತ್ತನೆಯ ಪೆನ್ಸಿಲಿನಿಂದ ತೀಡಬೇಕು, ಮಕ್ಕಳು ನಾಣ್ಯದ ಮೇಲೆ ಮಾಡುವ ಹಾಗೆ. ಹೀಗೆ ಎಡ ಚೌಕಟ್ಟಿನಿಂದ ಎದ್ದು ಬಂದದ್ದು ರಾನ್ಸಮ್ಸ್, ಸಿಮ್ಸ್ ಅಂಡ್ ಜೆಫರೀಸ್ ಎಂಬ ಹೆಸರು, ಕೆಳಗೆ ಊರಿನ ಹೆಸರು ಇಪ್ಸ್‌ವಿಚ್. ಹೆಸರು ಸಿಕ್ಕಿದ್ದಷ್ಟೇ ಅಲ್ಲ, ಹೆಸರಿನ ರೂಪವೂ ಒಂದು ಸಾಕ್ಷಿ. ಇಂಗ್ಲೆಂಡಿನ ಈ ಕಂಪನಿ ಪಾಲುದಾರರು ಬದಲಾದಂತೆಲ್ಲ ಹೆಸರು ಬದಲಿಸಿಕೊಂಡಿದೆ. 1869ರಿಂದ ಸ್ವಲ್ಪ ಕಾಲ ಅದು ರಾನ್ಸಮ್ಸ್, ಸಿಮ್ಸ್ ಅಂಡ್ ಹೆಡ್. ರಾನ್ಸಮ್ಸ್, ಸಿಮ್ಸ್ ಅಂಡ್ ಜೆಫರೀಸ್ ಎಂಬ ಈ ರೂಪ 1884ರದ್ದು. ಹಾಗಾಗಿ ನನ್ನ ಯಂತ್ರ ಅದಕ್ಕಿಂತ ಹಿಂದಿನದಲ್ಲ.

ಅದರ ಪಕ್ಕದಲ್ಲೇ ಪೇಟೆಂಟ್ ಸಂಖ್ಯೆಯೊಂದಿತ್ತು, ಆರು ಅಂಕಿಗಳದ್ದು. ಬ್ರಿಟನ್ನಿನ ಪೇಟೆಂಟುಗಳಿಗೆ 1915ರವರೆಗೆ ಪ್ರತಿ ವರ್ಷವೂ ಒಂದರಿಂದಲೇ ಎಣಿಕೆ ಶುರುವಾಗುತ್ತಿತ್ತು. 1916ರಲ್ಲಿ 1,00,001ರಿಂದ ಆರಂಭಿಸಿ ಮುಂದೆ ಒಂದೇ ಸಾಲಾಗಿ ಎಣಿಸತೊಡಗಿದರು. ಆದ್ದರಿಂದ ಆರು ಅಂಕಿಯ ಪೇಟೆಂಟ್ ಇದೆಯೆಂದರೆ ಯಂತ್ರ 1916ಕ್ಕಿಂತ ಹಿಂದಿನದಲ್ಲ. ‘1912’ರ ಮೇಲೆ ಕೊನೆಯ ಹಿಡಿ ಮಣ್ಣು ಬಿತ್ತು. ಪೇಟೆಂಟು ಯಂತ್ರ ತಯಾರಾದ ವರ್ಷವನ್ನು ಹೇಳುವುದಿಲ್ಲ, ಅದಕ್ಕಿಂತ ಮೊದಲಿನದಲ್ಲ ಎಂಬುದನ್ನಷ್ಟೇ ಹೇಳುತ್ತದೆ ಎಂಬುದನ್ನೂ ನೆನಪಿಡಬೇಕು. ಅಚ್ಚು ಸವೆಯುವವರೆಗೂ ಅದೇ ಸಂಖ್ಯೆಯಲ್ಲಿ ಎರಕ ಹೊಯ್ಯುತ್ತಲೇ ಇರುತ್ತಾರೆ. ಕೆಲವು ಯಂತ್ರಗಳಲ್ಲಿ ಪೇಟೆಂಟಿನ ಬದಲು ನೋಂದಾಯಿತ ವಿನ್ಯಾಸದ ಸಂಖ್ಯೆ ಇರುತ್ತದೆ. 1884ರಲ್ಲಿ ಒಂದರಿಂದ ಶುರುವಾದ ಆ ಸಾಲು 1900ರ ಹೊತ್ತಿಗೆ ಮೂರೂವರೆ ಲಕ್ಷ ದಾಟಿತ್ತು. ಸಂಖ್ಯೆಯ ಬದಲು ವಜ್ರಾಕೃತಿಯ (ಡೈಮಂಡ್ ಆಕಾರದ) ಮುದ್ರೆ ಕಂಡರೆ ಅದು 1842ರಿಂದ 1883ರ ನಡುವೆ ನೋಂದಾದ ವಿನ್ಯಾಸ. ಅಂಥ ಮುದ್ರೆಯ ಯಂತ್ರ ಸಿಕ್ಕವರು ತಂತಿಯ ಬ್ರಷ್ಷನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕುವುದು ಒಳ್ಳೆಯದು.

ನೋಟದಿಂದ ವಯಸ್ಸು ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಚೈನಿದ್ದರೆ ಹೊಸದು, ಹಲ್ಲುಚಕ್ರವಿದ್ದರೆ ಹಳೆಯದು ಎನ್ನುವವರಿದ್ದಾರೆ. ಆದರೆ ಲೀಡ್ಸ್ ನಗರದ ಥಾಮಸ್ ಗ್ರೀನ್ 1859ರಷ್ಟು ಹಿಂದೆಯೇ ಚೈನಿನ ಯಂತ್ರ ಮಾಡಿ, ಸದ್ದು ಕಡಿಮೆಯೆಂಬ ಕಾರಣಕ್ಕೆ ಲ್ಯಾಟಿನ್ನಿನಲ್ಲಿ ‘ಸೈಲೆನ್ಸ್ ಮೆಸ್ಸರ್’, ಅಂದರೆ ಮೌನವಾಗಿ ಕೊಯ್ಯುವವನು, ಎಂದು ಹೆಸರಿಟ್ಟಿದ್ದ. ಈ ಯಂತ್ರಗಳ ಮೂಲಪುರುಷ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದದ್ದು ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಬಳಿಯಲ್ಲಿ, ಉಣ್ಣೆ ಗಿರಣಿಗಳ ಊರಿನಲ್ಲಿ. ನೇಯ್ದ ಬಟ್ಟೆಯ ಮೇಲೆದ್ದ ಜೂಲನ್ನು ಸಮಮಟ್ಟವಾಗಿ ಕತ್ತರಿಸುವ ಯಂತ್ರವನ್ನು ನೋಡಿ, ಹುಲ್ಲನ್ನೂ ಹೀಗೆಯೇ ಕತ್ತರಿಸಬಹುದಲ್ಲ ಎಂದು ಅವನಿಗೆ ಹೊಳೆಯಿತಂತೆ. ರಾನ್ಸಮ್ಸ್ 1832ರಲ್ಲೇ ಅವನಿಂದ ಪರವಾನಗಿ ಪಡೆದು ತಯಾರಿಕೆಗೆ ಇಳಿಯಿತು. ಹುಲ್ಲುಹಾಸನ್ನು ಜಮಖಾನಕ್ಕೆ ಹೋಲಿಸುವುದು ಕವಿಗಳ ಅಭ್ಯಾಸ. ಬಡ್ಡಿಂಗ್ ಅದನ್ನು ಅಕ್ಷರಶಃ ಬಟ್ಟೆಯಂತೆಯೇ ಕಂಡ. ಈ ಸಂಗತಿ ತಿಳಿದ ಮೇಲೆ ಕತ್ತರಿಸುವ ಭಾಗವನ್ನು ನಾನು ನೋಡುವ ರೀತಿಯೇ ಬದಲಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಬಿಚ್ಚುವ ಕೆಲಸಕ್ಕೆ ಒಂದು ತಿಂಗಳು ಹಿಡಿಯಿತು. ನನ್ನಲ್ಲಿದ್ದ ಸ್ಪ್ಯಾನರ್‌ಗಳೆಲ್ಲ ಮಿಲಿಮೀಟರಿನವು, ಯಂತ್ರದ ನಟ್ಟುಗಳು ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಂಗುಲದ ಅಳತೆಯವು. ಹಳೆಯ ಕಾಲು ಅಂಗುಲದ ವಿಟ್‌ವರ್ತ್ ನಟ್ಟಿನ ಅಗಲ ಸುಮಾರು 13.3 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಕೂರುವುದಿಲ್ಲ, 14ರದ್ದು ಕೂತು ಜಾರುತ್ತದೆ, ಜಾರುವಾಗ ಮೂಲೆಗಳನ್ನು ತಿನ್ನುತ್ತದೆ. ಎರಡು ನಟ್ಟುಗಳನ್ನು ಗುಂಡಗೆ ಮಾಡಿದ ಮೇಲೆ ಸರಿಯಾದ ಸ್ಪ್ಯಾನರ್‌ಗಳನ್ನು ಹುಡುಕಿ ತಂದೆ. ಅವುಗಳ ಮೇಲಿನ ಸಂಖ್ಯೆ ನಟ್ಟಿನ ಅಗಲದ್ದಲ್ಲ, ಬೋಲ್ಟಿನ ದಪ್ಪದ್ದು ಎಂದು ತಿಳಿಯುವ ತನಕ ಇನ್ನೊಂದು ಸುತ್ತಿನ ಗೊಂದಲ. ಇನ್ನೊಂದು ಎಚ್ಚರಿಕೆ: ಕೆಲವು ಯಂತ್ರಗಳಲ್ಲಿ ಸಿಲಿಂಡರಿನ ಒಂದು ತುದಿಯ ತಿರುಪು ಎಡಮರೆಯದಾಗಿರುತ್ತದೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದು. ಬಿಚ್ಚುತ್ತಿದ್ದೇನೆಂದು ತಿಳಿದು ಬಿಗಿಯುತ್ತಲೇ ಇದ್ದರೆ ಕೊನೆಗೆ ಏನಾದರೊಂದು ತುಂಡಾಗುತ್ತದೆ.

ನನ್ನ ಕೈಯಲ್ಲಿ ತುಂಡಾದದ್ದು ತಿರುಪಲ್ಲ, ಚೌಕಟ್ಟಿನ ಕಿವಿ. ಬಿಗಿದ ಅಚ್ಚುಕೋಲನ್ನು ಹೊರಕ್ಕೆ ಹೊಡೆಯಲು ಸುತ್ತಿಗೆ ಎತ್ತಿದೆ. ಉಕ್ಕಾದರೆ ಬಾಗಿ ಮುನ್ಸೂಚನೆ ಕೊಡುತ್ತದೆ, ಬೀಡು ಒಂದೇ ಏಟಿಗೆ ಬಿಸ್ಕತ್ತಿನಂತೆ ಮುರಿಯುತ್ತದೆ. ಅನುಭವಿಯೊಬ್ಬರು ಅದನ್ನು ಹಿತ್ತಾಳೆ ಬೆಸುಗೆಯಿಂದ ಜೋಡಿಸಿಕೊಟ್ಟರು. ಬೆಸುಗೆಗೆ ಮೊದಲು ಇಡೀ ತುಂಡನ್ನು ಕಾಯಿಸಿದರು, ಆಮೇಲೆ ಬೂದಿಯೊಳಗೆ ಹೂತಿಟ್ಟು ರಾತ್ರಿಯಿಡೀ ನಿಧಾನವಾಗಿ ತಣಿಯಲು ಬಿಟ್ಟರು. ಬೇಗ ತಣಿದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದಂತೆ. ಆ ಹಳದಿ ಗೆರೆಗೆ ಬಣ್ಣ ಬಳಿಯದೆ ಹಾಗೆಯೇ ಬಿಟ್ಟಿದ್ದೇನೆ. ಈಗ ಬಿಗಿದುಕೊಂಡ ಯಾವ ತುಂಡಿಗೂ ದಿನಕ್ಕೆರಡು ಸಲ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಸುಮ್ಮನಿರುತ್ತೇನೆ. ವಾರವಾಗಲಿ, ಎರಡು ವಾರವಾಗಲಿ.

ತುಕ್ಕು ತೆಗೆಯಲು ನನಗೆ ಒಗ್ಗಿದ ದಾರಿ ವಿದ್ಯುತ್ತಿನದು. ಪ್ಲಾಸ್ಟಿಕ್ ತೊಟ್ಟಿಯ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕು ಹಿಡಿದ ತುಂಡಿಗೂ ಧನ ತಂತಿಯನ್ನು ಕೆಲಸಕ್ಕೆ ಬಾರದ ಕಬ್ಬಿಣದ ತಗಡಿಗೂ ಸಿಕ್ಕಿಸಬೇಕು. ತಂತಿ ಅದಲುಬದಲಾದರೆ ಕರಗುವುದು ನಮ್ಮ ತುಂಡೇ. ತಗಡಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಇಡಲೇಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಬಯಲಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು. ಅಲ್ಯೂಮಿನಿಯಂ ತುಂಡುಗಳನ್ನು ಈ ನೀರಿಗೆ ತೋರಿಸಲೂಬಾರದು. ಸ್ಪ್ರಿಂಗುಗಳನ್ನೂ ನಾನು ಹಾಕುವುದಿಲ್ಲ, ಪೆಡಸಾಗುವ ಭಯ. ಈ ವಿಧಾನದ ದೊಡ್ಡ ಗುಣವೆಂದರೆ ಗಟ್ಟಿ ಲೋಹವನ್ನು ಅದು ಒಂದಿಷ್ಟೂ ಸವೆಸುವುದಿಲ್ಲ. ದೋಷವೆಂದರೆ ಹಳೆಯ ಬಣ್ಣವನ್ನೂ ಎಬ್ಬಿಸಿಬಿಡುತ್ತದೆ.

ಬಣ್ಣದ ವಿಷಯದಲ್ಲಿ ನನ್ನ ಗೆಳೆಯನಿಗೂ ನನಗೂ ಇಂದಿಗೂ ಹೊಂದಿಕೆಯಿಲ್ಲ. ಅವನು ಹಳೆಯ ಯಂತ್ರಗಳನ್ನು ಆಟಿಕೆಗಳಂತೆ ಹೊಳೆಯುವ ಹಾಗೆ ಮಾಡುತ್ತಾನೆ. ಮೂಲ ಬಣ್ಣದ ಅರ್ಧದಷ್ಟಾದರೂ ಉಳಿದಿದ್ದರೆ ಅದನ್ನು ಮುಟ್ಟಬಾರದು ಎನ್ನುವವನು ನಾನು. ಮೂಲ ಬಣ್ಣ ಯಾವುದೆಂದು ತಿಳಿಯಲು ತಿರುಪುಗಳ ತಲೆಯಡಿ, ತಗಡುಗಳ ಮರೆಯಲ್ಲಿ, ಬಿಸಿಲು ಕಾಣದ ಕಡೆ ನೋಡಬೇಕು. ಹೊರಗೆ ಕಪ್ಪಾಗಿ ಕಂಡ ನನ್ನ ಯಂತ್ರ ತಗಡಿನ ಮರೆಯಲ್ಲಿ ಕಡುಹಸಿರಾಗಿತ್ತು. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಹೆಚ್ಚು. ಅದಕ್ಕೇ ಒಣದಾಗಿ ತಿಕ್ಕದೆ ನೀರು ಹಾಕಿ ಎಮರಿ ಕಾಗದದಿಂದ, ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ತಿಕ್ಕಿದೆ. ಪೂರ್ತಿ ಬೋಳಾಗಿದ್ದ ಜಾಗಕ್ಕಷ್ಟೇ ಹಸಿರು ಬಳಿದು, ಉಳಿದದ್ದಕ್ಕೆ ಮೇಣ ತಿಕ್ಕಿದೆ.

ಜೋಡಿಸಿ ತಳ್ಳಿದರೆ ಸಿಲಿಂಡರ್ ನಿಂತಲ್ಲೇ ನಿಂತಿತ್ತು. ಹಿಂದಕ್ಕೆ ಎಳೆದೆ, ಗಿರ್ರನೆ ತಿರುಗಿತು! ಇಂಥ ಯಂತ್ರಗಳಲ್ಲಿ ಮುಂದೆ ತಳ್ಳಿದಾಗ ಮಾತ್ರ ಕಚ್ಚಿಕೊಂಡು, ಹಿಂದೆ ಎಳೆದಾಗ ಟಿಕ್ ಟಿಕ್ ಎಂದು ಜಾರುವ ಪುಟ್ಟ ನಾಲಗೆಗಳಿರುತ್ತವೆ. ಎಡಗಡೆಯದನ್ನು ಬಲಗಡೆಗೆ ಹಾಕಿದ್ದೆ. ಬಿಚ್ಚುವಾಗ ಪ್ರತಿ ಹಂತದ ಫೋಟೊ ತೆಗೆದಿದ್ದವನು ಅಂದು ಮಾತ್ರ ‘ಇದು ನೆನಪಿರುತ್ತದೆ’ ಎಂದುಕೊಂಡಿದ್ದೆ.

ಇನ್ನು ಕತ್ತರಿಸುವ ಭಾಗ. ಸಿಲಿಂಡರಿನ ಅಲಗುಗಳು ತಾವಾಗಿಯೇ ಹುಲ್ಲು ಕತ್ತರಿಸುವುದಿಲ್ಲ. ಅವು ಹುಲ್ಲನ್ನು ಬಾಚಿ ತಂದು ಕೆಳಗಿನ ಚಲಿಸದ ಅಲಗಿಗೆ ಒತ್ತುತ್ತವೆ, ಕತ್ತರಿಯ ಎರಡು ಬಾಯಿಗಳಂತೆ. ಅಲಗು ತಿರುಚಿಕೊಂಡಿರುವುದರಿಂದ ಕತ್ತರಿಸುವ ಬಿಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತದೆ. ಜೂಲು ಕತ್ತರಿಸುವ ಯಂತ್ರ ಬಟ್ಟೆಗೆ ಮಾಡುತ್ತಿದ್ದದ್ದೂ ಇದನ್ನೇ, ಬಟ್ಟೆ ಹರಿಯದ ಹಾಗೆ. ಎರಡು ಅಲಗುಗಳ ನಡುವೆ ಬೇಕಾದದ್ದು ಬರೀ ಸೋಕುವಷ್ಟು ಸಂಪರ್ಕ. ಒತ್ತಿದರೆ ತಳ್ಳಲು ಭಾರ, ಅಲಗೂ ಸವೆಯುತ್ತದೆ. ದೂರವಾದರೆ ಹುಲ್ಲು ನಡುವೆ ಮಡಚಿಕೊಂಡು ಜಗಿದ ಕಬ್ಬಿನಂತಾಗುತ್ತದೆ.

ಮೊದಲು ಹರಿತ ಮಾಡಬೇಕಿತ್ತು. ಕಾರ್ಬೊರಂಡಮ್ ಪುಡಿ ಬೆರೆತ ಅಂಟನ್ನು ಅಲಗುಗಳಿಗೆ ಹಚ್ಚಿ, ಚೈನು ಕಳಚಿ, ಸಿಲಿಂಡರನ್ನು ಹಿಮ್ಮುಖವಾಗಿ ತಿರುಗಿಸುತ್ತಾ ಹೋದೆ. ಎರಡೂ ಅಲಗುಗಳು ಒಂದನ್ನೊಂದು ಮಸೆದುಕೊಳ್ಳುತ್ತವೆ. ಶುರುವಿನಲ್ಲಿ ಕರಕರ ಸದ್ದು ಅಲ್ಲಲ್ಲಿ ಮಾತ್ರ ಬರುತ್ತದೆ, ಉದ್ದಕ್ಕೂ ಒಂದೇ ಸಮನಾಗಿ ಬರುವಾಗ ಕೆಲಸ ಮುಗಿಯುತ್ತಾ ಬಂತೆಂದು ಅರ್ಥ. ಅಂಟನ್ನು ಪೂರ್ತಿ ತೊಳೆಯದಿದ್ದರೆ ಅದು ಬೇರಿಂಗಿಗೆ ಹೊಕ್ಕು ಅಲ್ಲಿಯೂ ಮಸೆಯಲು ಶುರುಮಾಡುತ್ತದೆ. ಅಲಗುಗಳ ನಡುವೆ ಕೈ ಹಾಕುವಾಗಲೆಲ್ಲ ಮರದ ತುಂಡೊಂದನ್ನು ತುರುಕಿಡುತ್ತೇನೆ. ಎಂಜಿನ್ ಇಲ್ಲದ ಯಂತ್ರವಾದರೂ ತನ್ನ ಭಾರಕ್ಕೆ ತಾನೇ ಕಾಲು ಸುತ್ತು ತಿರುಗಿ ಬೆರಳನ್ನು ಕತ್ತರಿಸಬಲ್ಲದು. ನನ್ನ ತೋರುಬೆರಳಿನ ತುದಿಯಲ್ಲಿ ಅದರ ಗುರುತಿದೆ.

ಆಮೇಲೆ ಕಾಗದದ ಪರೀಕ್ಷೆ. ತೆಳು ಕಾಗದದ ಪಟ್ಟಿಯನ್ನು ಕೆಳಗಿನ ಅಲಗಿನ ಮೇಲಿಟ್ಟು ಸಿಲಿಂಡರನ್ನು ಮೆಲ್ಲಗೆ ತಿರುಗಿಸಬೇಕು. ಎಡತುದಿಯಲ್ಲಿ ಚಕ್ಕೆಂದು ತುಂಡಾಯಿತು, ನಡುವೆಯೂ ಆಯಿತು, ಬಲತುದಿಯಲ್ಲಿ ಮಡಚಿಕೊಂಡಿತು. ಬಲಗಡೆಯ ತಿರುಪನ್ನು ಸುತ್ತಿನ ಎಂಟನೆಯ ಒಂದು ಭಾಗದಷ್ಟು ತಿರುಗಿಸಿದೆ. ಈಗ ಬಲತುದಿ ಸರಿಯಾಯಿತು, ಎಡತುದಿ ಕೆಟ್ಟಿತು. ಹೀಗೆ ಎಡ, ಬಲ, ಮತ್ತೆ ಎಡ. ತಕ್ಕಡಿಯಲ್ಲಿ ಕಪ್ಪೆ ತೂಗಿದಂಥ ಆ ಕೆಲಸ ಒಂದು ಇಡೀ ಮಧ್ಯಾಹ್ನವನ್ನು ನುಂಗಿತು. ಸಂಜೆಯ ಹೊತ್ತಿಗೆ ಐದೂ ಅಲಗುಗಳು ಕಾಗದವನ್ನು ಉದ್ದಕ್ಕೂ ಕತ್ತರಿಸಿದವು. ಎರಡನೆಯ ಅಲಗಿನ ನಡುವೆ ಮಾತ್ರ ಕಿರುಬೆರಳಷ್ಟು ಜಾಗದಲ್ಲಿ ಈಗಲೂ ಎಳೆಯೊಂದು ಉಳಿಯುತ್ತದೆ. ಯಾವುದೋ ಕಾಲದಲ್ಲಿ ಕಲ್ಲಿಗೆ ತಾಗಿ ಆದ ಕಚ್ಚು ಅದು. ಪೂರ್ತಿ ತೆಗೆಯಬೇಕೆಂದರೆ ಎಲ್ಲ ಅಲಗುಗಳನ್ನೂ ಅಷ್ಟೇ ಆಳಕ್ಕೆ ಸವೆಸಬೇಕು, ಅದು ನನಗೆ ಬೇಡ.

ಈಗ ಭಾನುವಾರ ಬೆಳಿಗ್ಗೆ ಹುಲ್ಲಿನ ಇಬ್ಬನಿ ಆರಿದ ಮೇಲೆ ಯಂತ್ರ ಹೊರಗೆ ಬರುತ್ತದೆ. ಮುಂಭಾಗದಲ್ಲಿ ಎರಡು ಕೊಕ್ಕೆಗಳಿವೆ, ಹುಲ್ಲು ಬೀಳುವ ತಗಡಿನ ಡಬ್ಬಿಯನ್ನು ನೇತುಹಾಕಲು. ಡಬ್ಬಿ ಇಲ್ಲ; ಹಳೆಯ ಯಂತ್ರಗಳಲ್ಲಿ ಮೊದಲು ಕಳೆದುಹೋಗುವುದು ಅದೇ. ಕೊಕ್ಕೆಗಳ ಅಂತರ ಅಳೆದು ರಟ್ಟಿನಲ್ಲಿ ಒಂದು ಮಾದರಿ ಮಾಡಿಟ್ಟುಕೊಂಡಿದ್ದೇನೆ. ಎಲ್ಲಾದರೂ ಹಳೆಯ ತಗಡಿನ ಡಬ್ಬಿ ಕಂಡರೆ ರಟ್ಟನ್ನು ಹಿಡಿದು ನೋಡುತ್ತೇನೆ. ಅಲ್ಲಿಯತನಕ ಕತ್ತರಿಸಿದ ಹುಲ್ಲು ಮುಂದಕ್ಕೆ ಚಿಮ್ಮಿ ನೆಲಕ್ಕೇ ಬೀಳುತ್ತದೆ, ಪೊರಕೆ ಹಿಡಿದು ನಾನೇ ಗುಡಿಸುತ್ತೇನೆ.