ವಾಲಿಬಾಲ್ ಆಡುವವರ ಮಂಡಿಗೆ ನಾನು ಮಾಡಿಸುವ ವ್ಯಾಯಾಮ

ನಾನು ಫಿಸಿಯೋಥೆರಪಿಸ್ಟ್. ನನ್ನ ಬಳಿ ಬರುವ ಆಟಗಾರರಲ್ಲಿ ವಾಲಿಬಾಲ್ ಆಡುವವರೇ ಜಾಸ್ತಿ. ಎಲ್ಲಿ ನೋವು ಅಂತ ಕೇಳಿದರೆ ಮಂಡಿಚಿಪ್ಪಿನ ಕೆಳತುದಿಗೆ ಬೆರಳಿಟ್ಟು ತೋರಿಸುತ್ತಾರೆ. ಜಿಗಿಯುವಾಗ ಚುಚ್ಚುತ್ತದೆ, ಮೈ ಬಿಸಿಯಾದ ಮೇಲೆ ಸ್ವಲ್ಪ ಇಳಿಯುತ್ತದೆ, ಮರುದಿನ ಮೆಟ್ಟಿಲಿಳಿಯುವಾಗ ಮತ್ತೆ ಹಿಡಿದುಕೊಳ್ಳುತ್ತದೆ. ಮಂಡಿಚಿಪ್ಪಿನಿಂದ ಕೆಳಗಾಲಿನ ಮೂಳೆಗೆ ಹೋಗುವ ಗಟ್ಟಿ ಪಟ್ಟಿ, ಅಂದರೆ ಟೆಂಡನ್‌ನ ತೊಂದರೆ ಇದು. ಜಂಪರ್ಸ್ ನೀ ಅಂತಾರೆ. 2005ರ ನಾರ್ವೆಯ ಅಧ್ಯಯನವೊಂದರಲ್ಲಿ, ಅಲ್ಲಿನ ಅಗ್ರ ದರ್ಜೆಯ ವಾಲಿಬಾಲ್ ಆಟಗಾರರ ಪೈಕಿ ಶೇ 45ರಷ್ಟು ಜನರಿಗೆ ಇದು ಕಂಡುಬಂದಿತ್ತು.

ನನ್ನ ಹತ್ತಿರ ಬರುವ ಹೊತ್ತಿಗೆ ಬಹಳ ಜನ ತಿಂಗಳುಗಟ್ಟಲೆ ರೆಸ್ಟ್ ಮಾಡಿರುತ್ತಾರೆ. ನೋವು ಹೋಗಿರುತ್ತದೆ, ಆಟ ಶುರು ಮಾಡಿದ ಕೂಡಲೇ ವಾಪಸ್ ಬಂದಿರುತ್ತದೆ. ಸುಮ್ನೆ ಕೂತರೆ ಟೆಂಡನ್ ಗಟ್ಟಿಯಾಗುವುದಿಲ್ಲ, ತೊಡೆಯ ಬಲವೂ ಕರಗುತ್ತದೆ. ಹಾಗಾಗಿ ನಾನು ಜಿಗಿತ ಕಡಿಮೆ ಮಾಡಿಸುತ್ತೇನೆ, ಭಾರದ ವ್ಯಾಯಾಮ ಶುರು ಮಾಡಿಸುತ್ತೇನೆ.

ನೋವು ಜೋರಾಗಿದ್ದಾಗ ಕದಲದೆ ಹಿಡಿಯುವ ವ್ಯಾಯಾಮ. ಕೂತು ಕಾಲು ಚಾಚಿ ಭಾರ ಎತ್ತುವ ಲೆಗ್ ಎಕ್ಸ್‌ಟೆನ್ಷನ್ ಮೆಷಿನ್‌ನಲ್ಲಿ ಮಂಡಿ ಬಗ್ಗಿಸಿ ಭಾರವನ್ನು 45 ಸೆಕೆಂಡ್ ಹಿಡಿಯಬೇಕು, 2 ನಿಮಿಷ ಬಿಡುವು, ಹೀಗೆ 5 ಸಲ. ಮೆಷಿನ್ ಇಲ್ಲದ ಊರುಗಳಲ್ಲಿ ಕಂಬಕ್ಕೆ ಗಟ್ಟಿ ಬೆಲ್ಟ್ ಕಟ್ಟಿ, ಅದನ್ನು ಎರಡೂ ಮಂಡಿಯ ಹಿಂದೆ ಹಾಕಿಸಿ, ಬೆನ್ನು ನೆಟ್ಟಗಿಟ್ಟು ಕುರ್ಚಿಯಲ್ಲಿ ಕೂತಂತೆ ಕೂರಿಸುತ್ತೇನೆ. ಕೆಲವರಿಗೆ ಆಗಲೇ ನೋವು ಇಳಿಯುತ್ತದೆ, ಎಲ್ಲರಿಗೂ ಅಲ್ಲ.

ನಿಜವಾದ ಕೆಲಸ ಆಮೇಲಿನದು. ಭಾರ ಹೊತ್ತು ಕುಕ್ಕರಿಸಿ ಏಳುವ ಸ್ಕ್ವಾಟ್, ಕೂತು ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್, ವಾರಕ್ಕೆ 3 ದಿನ. ಇಳಿಯಲು 3 ಸೆಕೆಂಡ್, ಏಳಲು 3 ಸೆಕೆಂಡ್. 15 ಸಲ ಎತ್ತಬಲ್ಲ ತೂಕದಿಂದ ಶುರು ಮಾಡಿ, ವಾರ ಕಳೆದಂತೆ 6 ಸಲ ಮಾತ್ರ ಎತ್ತಬಲ್ಲ ತೂಕಕ್ಕೆ ಹೋಗುತ್ತೇವೆ. 2009ರಲ್ಲಿ ಡೆನ್ಮಾರ್ಕ್‌ನವರು 12 ವಾರ ಪರೀಕ್ಷಿಸಿದ ಕ್ರಮ ಇದು. ಅದೇ ಅಧ್ಯಯನದಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡವರೂ 12 ವಾರಕ್ಕೆ ಚೇತರಿಸಿಕೊಂಡಿದ್ದರು, ಅರ್ಧ ವರ್ಷದ ಹೊತ್ತಿಗೆ ಮತ್ತೆ ಹಿಂದೆ ಬಿದ್ದರು. ಇಂಜೆಕ್ಷನ್ ಕೇಳಿಕೊಂಡು ಬರುವ ಮಕ್ಕಳ ತಂದೆತಾಯಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಹುಡುಗರಿಗೋ ಹೀಗೆ 3 ಸೆಕೆಂಡ್ ನಿಧಾನವಾಗಿ ಇಳಿದು ಏಳುವುದು ಅಂದರೆ ಆಗುವುದಿಲ್ಲ. ಪಕ್ಕದಲ್ಲಿ ನಿಂತು ನಾನೇ ಜೋರಾಗಿ ಎಣಿಸುತ್ತೇನೆ. ಬೇಗ ಎದ್ದರೆ ಆ ಸಲ ಲೆಕ್ಕಕ್ಕಿಲ್ಲ.

ನೋವು ಬಂದರೆ ನಿಲ್ಲಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹತ್ತಕ್ಕೆ ಮೂರರಷ್ಟು ನೋವಿದ್ದರೆ ಪರವಾಗಿಲ್ಲ. ನಾನು ನಂಬುವುದು ಮರುದಿನ ಬೆಳಗ್ಗೆಯನ್ನು. ಬಡಗಿ ಹತ್ತಿರ 25 ಡಿಗ್ರಿ ಇಳಿಜಾರಿನ ಹಲಗೆ ಮಾಡಿಸಿಕೊಟ್ಟಿದ್ದೇನೆ. ದಿನಾ ಎದ್ದು ಅದರ ಮೇಲೆ ಒಂಟಿ ಕಾಲಲ್ಲಿ ಒಂದು ಸ್ಕ್ವಾಟ್ ಮಾಡಿ, ನೋವಿಗೆ ಹತ್ತಕ್ಕೆ ಎಷ್ಟು ಅಂತ ನೋಟ್‌ಬುಕ್‌ನಲ್ಲಿ ಬರೆಯಬೇಕು. ಅಂಕ ಏರಿದ್ದರೆ ಹಿಂದಿನ ದಿನದ ಭಾರ ಹೆಚ್ಚಾಯಿತು ಅಂತ ಅರ್ಥ. ಅಲ್ಲೇ ಇದ್ದರೆ ಧೈರ್ಯವಾಗಿ ಮುಂದೆ ಹೋಗಬಹುದು. ಈ ನೋಟ್‌ಬುಕ್ ತೋರಿಸಿದರೆ ಕೋಚ್‌ಗಳೂ ಒಪ್ಪುತ್ತಾರೆ. ಟೂರ್ನಮೆಂಟ್ ಹತ್ತಿರ ಬಂದಾಗ ಬಾಯಿಮಾತು ನಡೆಯುವುದಿಲ್ಲ ಅಲ್ವಾ?

ಜಿಗಿತ ಕೊನೆಗೆ. ಮೊದಲು ಎರಡು ಕಾಲಲ್ಲಿ, ಆಮೇಲೆ ಒಂಟಿ ಕಾಲಲ್ಲಿ, ಆಮೇಲೆ ಓಡಿ ಬಂದು ಸ್ಮ್ಯಾಶ್. ಮೂರು ದಿನಕ್ಕೊಮ್ಮೆ ಸಾಕು. ಪೂರ್ತಿ ಆಟಕ್ಕೆ ಮರಳಿದವರಿಗೂ ವಾರಕ್ಕೆ 2 ದಿನ ಭಾರದ ಸ್ಕ್ವಾಟ್ ಮುಂದುವರಿಸಲು ಹೇಳುತ್ತೇನೆ. ಜಿಗಿಯುವಾಗ ಮಂಡಿಯಲ್ಲಿ ಟಪ್ ಅಂದು, ಕಾಲು ನೆಟ್ಟಗೆ ಮಾಡಲಾಗದಿದ್ದರೆ ಮಾತ್ರ ಈ ಯಾವ ವ್ಯಾಯಾಮವೂ ಬೇಡ. ಅವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಿ.